ಗಾಳಿಗೆ ಬಾಡಿಗೆ ಕೊಡೋರು ಯಾರು?

ಕಳೆದ ಜೂನ್ ಕೊನೆಯ ವಾರ. ಮೂರು ದಿನದಿಂದ ಬಿಡದ ಮಳೆ, ಕರೆಂಟಿಲ್ಲ. ಬೆಳಗ್ಗೆ ಆರೂವರೆಗೆ ಹಿತ್ತಲ ಕಡೆಯಿಂದ ಒಂದು ಥರದ ಕಮಟು ಬಂತು. ರಬ್ಬರ್ ಸುಟ್ಟದ್ದಲ್ಲ, ಕೂದಲು ಸುಟ್ಟದ್ದೂ ಅಲ್ಲ. ಸ್ವಲ್ಪ ಸಿಹಿ, ಗಂಟಲಿಗೆ ಅಂಟುವಂಥದ್ದು. ಓಡಿ ಹೋಗಿ ನೋಡಿದರೆ ಅತ್ತೆ ಬಚ್ಚಲೊಲೆಯ ಮುಂದೆ ಕುಕ್ಕರಗಾಲಲ್ಲಿ ಕೂತಿದ್ದಾರೆ. ಹೊಸ ಫ್ರಿಡ್ಜಿನ ಜೊತೆ ಬಂದ ಥರ್ಮಾಕೋಲನ್ನು ಹಪ್ಪಳ ಮುರಿದಂತೆ ಮುರಿದು ಮುರಿದು ಹಂಡೆಯ ಕೆಳಗೆ ತುರುಕುತ್ತಿದ್ದಾರೆ.

"ಎಂತ ಅತ್ತೆ ಇದು?"

"ಬೊಬ್ಬೆ ಹೊಡೀಬೇಡ. ಸೌದೆ ಪೂರಾ ಒದ್ದೆ. ಇದು ಸೀಮೆಎಣ್ಣೆಗಿಂತ ಚೆನ್ನಾಗಿ ಹತ್ತುತ್ತದೆ."

ಹತ್ತುವುದೇನೋ ನಿಜ. ಒಲೆಯೊಳಗೆ ಅದು ಉರಿಯುತ್ತ ತೊಟ್ಟು ತೊಟ್ಟಾಗಿ ಕರಗಿ ಬೀಳುತ್ತಿತ್ತು, ಬಿದ್ದ ತೊಟ್ಟೂ ಉರಿಯುತ್ತಿತ್ತು. ಹೊಗೆ ಮಾತ್ರ ಕಾಫಿ ಸೌದೆಯ ನೀಲಿ ಹೊಗೆಯಲ್ಲ, ಟಾರಿನ ಹೊಗೆ. ಶೀಟಿನಡಿ ಒಣಗಲೆಂದು ಹಾಕಿದ್ದ ಹೋಂಸ್ಟೇಯ ಬಿಳಿ ಬೆಡ್‌ಶೀಟುಗಳ ಮೇಲೆ ಜೇಡನ ಬಲೆಯಂಥ ಕಪ್ಪು ಎಳೆಗಳು ಬಂದು ಕೂತವು. ತಟ್ಟಿದರೆ ಹೋಗುವುದಿಲ್ಲ, ಉಜ್ಜಿದರೆ ಗೀಟಾಗುತ್ತದೆ. ಮೇಲಿನ ರೂಮಿನಲ್ಲಿದ್ದ ಅತಿಥಿಗಳ ಮಗು ಕೆಮ್ಮತೊಡಗಿತು. ಎರಡು ರಾತ್ರಿಗೆಂದು ಬಂದವರು ಮಧ್ಯಾಹ್ನವೇ ಹೊರಟರು. ಮಳೆಗೆ ಹೆದರಿ ಹೋದರೋ ಹೊಗೆಗೆ ಹೋದರೋ ನಾನು ಕೇಳಲಿಲ್ಲ.

ಇಪ್ಪತ್ತೈದು ವರ್ಷದ ಹಿಂದೆ ಓದಿದ ಬಿಎಸ್ಸಿ ಕೆಮಿಸ್ಟ್ರಿ ನನಗೆ ಈವರೆಗೆ ಉಪಯೋಗಕ್ಕೆ ಬಂದದ್ದು ಉಪ್ಪಿನಕಾಯಿ ಕೆಡದಂತೆ ನೋಡಿಕೊಳ್ಳುವುದಕ್ಕೆ ಮಾತ್ರ. ಅವತ್ತು ಬೆಡ್‌ಶೀಟ್ ತಿಕ್ಕುತ್ತಾ ಮತ್ತೆ ನೆನಪಾಯಿತು. ಥರ್ಮಾಕೋಲ್ ಅಂದರೆ ಪಾಲಿಸ್ಟೈರೀನ್. ಎಂಟು ಇಂಗಾಲಕ್ಕೆ ಎಂಟೇ ಹೈಡ್ರೋಜನ್ ಇರುವ ಸ್ಟೈರೀನಿನ ಉದ್ದನೆಯ ಸರಪಳಿ. ಇಷ್ಟು ಇಂಗಾಲ ಪೂರ್ತಿ ಉರಿಯಲು ಬಚ್ಚಲೊಲೆಯ ಗಾಳಿ ಎಲ್ಲಿ ಸಾಕು? ಉರಿಯದೆ ಉಳಿದದ್ದು ಮಸಿಯಾಗಿ ಮೇಲೇಳುತ್ತದೆ, ಜೊತೆಗೆ ಕಾರ್ಬನ್ ಮಾನಾಕ್ಸೈಡೂ ಒಂದಿಷ್ಟು ಸ್ಟೈರೀನೂ. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಮಂಡಳಿ 2018ರಲ್ಲಿ ಸ್ಟೈರೀನನ್ನು ಮನುಷ್ಯರಲ್ಲಿ ಕ್ಯಾನ್ಸರ್ ತರುವ ಸಂಭವವಿರುವ ವಸ್ತುಗಳ ಪಟ್ಟಿಗೆ ಸೇರಿಸಿದೆ. ಇದನ್ನು ಅತ್ತೆಗೆ ಹೇಳಿದೆ. "ನಲವತ್ತು ವರ್ಷದಿಂದ ಈ ಒಲೆ ಮುಂದೆ ಕೂತಿದ್ದೇನೆ" ಅಂದರು. ಆ ಮಾತಿಗೆ ನನ್ನ ಬಿಎಸ್ಸಿಯಲ್ಲಿ ಉತ್ತರವಿರಲಿಲ್ಲ.

ಸರಿ, ಸುಡುವುದು ನಿಂತಿತು. ಉಳಿದದ್ದನ್ನು ಏನು ಮಾಡುವುದು?

ನಮ್ಮದು ಕೊಡಗಿನ ಸುಂಟಿಕೊಪ್ಪದಿಂದ ಸ್ವಲ್ಪ ಒಳಗೆ, ಆರು ಎಕರೆ ಕಾಫಿ, ಮೂರು ರೂಮಿನ ಹೋಂಸ್ಟೇ. ಏಪ್ರಿಲ್‌ನಲ್ಲಿ ರೂಮುಗಳಿಗೆಂದು ಮೂರು ಟಿವಿ, ಅಡುಗೆಮನೆಗೆ ಒಂದು ಫ್ರಿಡ್ಜ್ ತಂದಿದ್ದೆವು. ಅವುಗಳ ಥರ್ಮಾಕೋಲ್ ಎಲ್ಲ ಕಾಫಿ ಚೀಲಕ್ಕೆ ತುಂಬಿಸಿದಾಗ ಮೂರು ಚೀಲವಾಯಿತು. 50 ಕಿಲೋ ಚೆರಿ, ಅಂದರೆ ಸಿಪ್ಪೆ ಸಮೇತ ಒಣಗಿಸಿದ ಕಾಫಿ ಹಣ್ಣು, ಹಿಡಿಯುವ ಚೀಲ. ಮೆಣಸು ತೂಗುವ ತಕ್ಕಡಿಗೆ ಇಟ್ಟು ನೋಡಿದೆ. ಮೂರೂ ಸೇರಿ, ಚೀಲದ ತೂಕ ಕಳೆದು, 2 ಕಿಲೋ 300 ಗ್ರಾಂ!

ಅಂಗಡಿಗೆ ಫೋನ್ ಮಾಡಿದೆ. ಯಾವ ಅಂಗಡಿ ಅಂತ ಬರೆಯುವುದಿಲ್ಲ. "ಮೇಡಂ, ವಾರಂಟಿ ಇರೋವರೆಗೆ ಬಾಕ್ಸ್ ಇಟ್ಕೊಳ್ಳಿ" ಅಂದ ಅಲ್ಲಿನ ಹುಡುಗ. "ಆಮೇಲೆ?" ಅಂದೆ. "ಆಮೇಲೆ ನಿಮ್ಮಿಷ್ಟ." ಪ್ಯಾಕಿಂಗ್ ಪ್ಲಾಸ್ಟಿಕ್ಕಿನ ಹೊಣೆ ತಯಾರಕರದ್ದೂ ಹೌದು ಅಂತ ಕೇಂದ್ರದ 2016ರ ನಿಯಮವಿದೆ, 2022ರ ಫೆಬ್ರವರಿಯಲ್ಲಿ ಅದಕ್ಕೆ ವಿವರವಾದ ಮಾರ್ಗಸೂಚಿಯೂ ಬಂದಿದೆ. ಆ ಹೊಣೆ ಹೊತ್ತುಕೊಂಡು ಘಾಟಿ ಹತ್ತಿ ನಮ್ಮನೆ ಅಂಗಳಕ್ಕೆ ಬಂದವರನ್ನು ಮಾತ್ರ ನಾನು ನೋಡಿಲ್ಲ. ನಿಷೇಧ ಇಲ್ವಾ ಅಂತ ತುಂಬ ಜನ ಕೇಳುತ್ತಾರೆ. ಉಂಟು. ಕರ್ನಾಟಕದಲ್ಲಿ 2016ರಿಂದ ಥರ್ಮಾಕೋಲಿನ ತಟ್ಟೆ ಲೋಟಗಳಿಗೆ, ದೇಶಕ್ಕೆಲ್ಲ 2022ರ ಜುಲೈ 1ರಿಂದ ಅಲಂಕಾರದ ಥರ್ಮಾಕೋಲಿಗೆ. ಅಂದರೆ ಗಣಪತಿಯ ಹಿಂದಿನ ಪ್ರಭಾವಳಿಗೆ ಕೂಡದು, ಫ್ರಿಡ್ಜಿನ ಹಿಂದಿನದಕ್ಕೆ ಅಡ್ಡಿಯಿಲ್ಲ.

ಆಮೇಲೆ ನಾನು ಮಾಡಿದ ಒಂದು ಜಾಣತನದ ಕಥೆ ಹೇಳಿಬಿಡುತ್ತೇನೆ, ನೀವು ಮಾಡಬೇಡಿ. ಯೂಟ್ಯೂಬಿನಲ್ಲಿ ನೋಡಿ, ಒಂದು ಚೀಲದ ಅರ್ಧದಷ್ಟನ್ನು ಪುಡಿ ಮಾಡಿ ಆಂಥೂರಿಯಂ ಕುಂಡಗಳ ತಳಕ್ಕೆ ಹಾಕಿದೆ. ನೀರು ಬಸಿಯುತ್ತದೆ, ಕುಂಡ ಹಗುರವಾಗುತ್ತದೆ ಅಂತ. ಎರಡೂ ನಿಜವೇ. ಆದರೆ ಯೂಟ್ಯೂಬಿನವರ ಊರಿನ ಮಳೆ ಬೇರೆ, ನಮ್ಮ ಊರಿನ ಮಳೆ ಬೇರೆ. ಜುಲೈ ಎರಡನೇ ವಾರ ಸೂರಿನ ನೀರು ನೇರ ಕುಂಡಕ್ಕೆ ಬಿದ್ದು, ಮಣ್ಣು ಕೊಚ್ಚಿ, ತಳದಲ್ಲಿದ್ದುದೆಲ್ಲ ಮೇಲೆದ್ದು ಬಂತು. ಅಂಗಳದ ತುಂಬ ಆಲಿಕಲ್ಲು ಬಿದ್ದ ಹಾಗೆ ಬಿಳಿ ಮಣಿಗಳು. ಕೋಳಿಗಳು ಓಡಿ ಬಂದು ಅಕ್ಕಿ ಹೆಕ್ಕುವುದಕ್ಕಿಂತ ಚುರುಕಾಗಿ ಹೆಕ್ಕತೊಡಗಿದವು. ಥರ್ಮಾಕೋಲ್ ಕಂಡರೆ ಕೋಳಿಗಳಿಗೆ ಅದೇನು ಆಸೆಯೋ. ಅವುಗಳನ್ನು ಓಡಿಸಿ, ಕೊಡೆ ಹಿಡಿದು ಸಾಣಿಗೆಯಲ್ಲಿ ಮಣಿ ಸೋಸಲು ನಿಂತೆ. ಒಂದು ಗಂಟೆಗೆ ಒಂದು ಸೇರು ಸಿಕ್ಕಿತು. ಉಳಿದದ್ದು ಚರಂಡಿಗೆ, ಅಲ್ಲಿಂದ ತೋಡಿಗೆ. ನಮ್ಮ ಕಡೆಯ ತೋಡುಗಳೆಲ್ಲ ಕೊನೆಗೆ ಸೇರುವುದು ಕಾವೇರಿಗೆ, ಕಾವೇರಿ ನಿಲ್ಲುವುದು ಕೆಆರ್‌ಎಸ್‌ನಲ್ಲಿ. ಅವತ್ತು ಬಿಟ್ಟು ಹೋದ ಬೆಂಗಳೂರಿನ ಅತಿಥಿಗಳಿಗೆ ನಾನು ಇನ್ನೊಂದು ಸಲ ಕಾಟ ಕೊಟ್ಟೆ ಅನ್ನಿಸಿತು.

ಮಣಿಯಾಗಿ ಉದುರುವುದು ಯಾಕೆ ಅಂದರೆ ಅದು ಹುಟ್ಟುವುದೇ ಮಣಿಯಾಗಿ. ಕಾರ್ಖಾನೆಯಲ್ಲಿ ಪೆಂಟೇನ್ ಎಂಬ ದ್ರವವನ್ನು ಒಳಗಿಟ್ಟ ಸಣ್ಣ ಪಾಲಿಸ್ಟೈರೀನ್ ಕಾಳುಗಳಿಗೆ ಹಬೆ ಕೊಡುತ್ತಾರೆ. ಪೆಂಟೇನ್ ಆವಿಯಾಗಿ ಕಾಳು ಸುಮಾರು ನಲವತ್ತು ಪಟ್ಟು ಉಬ್ಬುತ್ತದೆ. ಅಕ್ಕಿ ಹುರಿದು ಮಂಡಕ್ಕಿ ಮಾಡಿದ ಹಾಗೆ. ಆಮೇಲೆ ಅಚ್ಚಿಗೆ ತುಂಬಿ ಮತ್ತೆ ಹಬೆ ಹಾಯಿಸಿದರೆ ಮಣಿಗಳು ಒಂದಕ್ಕೊಂದು ಅಂಟಿ ಫ್ರಿಡ್ಜಿನ ಬುಡವೋ ಟಿವಿಯ ಮೂಲೆಯೋ ಆಗುತ್ತವೆ. ಆದ ಮೇಲೆ ಅದರಲ್ಲಿ ನೂರಕ್ಕೆ ತೊಂಬತ್ತೈದಕ್ಕೂ ಹೆಚ್ಚು ಪಾಲು ಬರೀ ಗಾಳಿ.

ಈ ಗಾಳಿಯ ವಿಷಯವನ್ನು ನನಗೆ ಸರಿಯಾಗಿ ತಿಳಿಸಿದವರು ನಮ್ಮ ಗುಜರಿ ಅಣ್ಣ. ತಿಂಗಳಿಗೊಮ್ಮೆ ಆಟೋದಲ್ಲಿ ಬಂದು ಬಾಟಲಿ, ರಟ್ಟು, ಹಳೇ ಕಬ್ಬಿಣ ಒಯ್ಯುವವರು. ಚೀಲ ತೋರಿಸಿದ ತಕ್ಷಣ ಕೈ ಅಲ್ಲಾಡಿಸಿದರು.

"ಇದು ಬೇಡ ಅಕ್ಕ."

"ರೀಸೈಕಲ್ ಆಗಲ್ವಾ?"

"ಆಗ್ತದೆ. ಯಾರು ಹೇಳಿದ್ದು ಆಗಲ್ಲ ಅಂತ? ಫೋಟೋ ಫ್ರೇಮ್ ಎಲ್ಲ ಇದರಲ್ಲೇ ಮಾಡೋದು. ಆದ್ರೆ ಆಟೋ ತುಂಬ ತುಂಬಿಸಿದ್ರೂ ತಕ್ಕಡಿ ಮುಳ್ಳು ಅಲ್ಲಾಡಲ್ಲ. ನಾನು ಗಾಳಿಗೆ ಬಾಡಿಗೆ ಕೊಡ್ಬೇಕಾ?"

ಆ ರಾತ್ರಿ ಮಗಳ ಲೆಕ್ಕದ ಪುಸ್ತಕದ ಹಿಂದೆ ನಾನೂ ಲೆಕ್ಕ ಹಾಕಿದೆ. ಪ್ಯಾಕಿಂಗ್ ಥರ್ಮಾಕೋಲ್ ಒಂದು ಘನ ಮೀಟರಿಗೆ ಹೆಚ್ಚೆಂದರೆ 20 ಕಿಲೋ. ಒಂದೂವರೆ ಟನ್ ಹೊರುವ ಪಿಕಪ್ಪಿನ ತೊಟ್ಟಿ 8 ಅಡಿ ಉದ್ದ, 5 ಅಡಿ ಅಗಲ, ಮೇಲೆ 5 ಅಡಿ ಎತ್ತರಕ್ಕೆ ಪೇರಿಸಿ ಹಗ್ಗ ಕಟ್ಟಿದರೂ ಆರು ಘನ ಮೀಟರ್ ಆಗುವುದಿಲ್ಲ. ಸಂದಿಯೇ ಇಲ್ಲದೆ ಜೋಡಿಸಿದರೆ ಒಂದು ಕ್ವಿಂಟಾಲ್ ಚಿಲ್ಲರೆ. ಆದರೆ ಟಿವಿಯ ಮೂಲೆಗಳನ್ನು ಸಂದಿಯಿಲ್ಲದೆ ಜೋಡಿಸುವವರು ಹುಟ್ಟಿಲ್ಲ. ಅರ್ಧ ಅಂತ ಇಟ್ಟುಕೊಳ್ಳಿ, ಐವತ್ತು ಕಿಲೋ. ಒಂದು ಚೀಲ ಕಾಫಿಯ ತೂಕದಷ್ಟು ಥರ್ಮಾಕೋಲಿಗಾಗಿ ಒಂದು ಇಡೀ ಗಾಡಿ ನೂರು ಕಿಲೋಮೀಟರ್ ದಾಟಿ ಮೈಸೂರಿಗೆ ಹೋಗಬೇಕು. ಡೀಸೆಲ್ ಕಾಸೂ ಹುಟ್ಟುವುದಿಲ್ಲ. ಅಣ್ಣ ಮೂಲೆಯಲ್ಲಿ ನಿಂತು ಬಾಯಲ್ಲೇ ಹಾಕಿದ ಲೆಕ್ಕ ಇಷ್ಟೇ.

ದೊಡ್ಡ ಊರುಗಳಲ್ಲಿ ಇದಕ್ಕೆ ಯಂತ್ರವಿದೆ. ಪುಡಿ ಮಾಡಿ, ಒತ್ತಿ, ಗಾಳಿ ಹಿಂಡಿ ಇಟ್ಟಿಗೆಯಂತೆ ಮಾಡುತ್ತದೆ. ಬಿಸಿ ಮಾಡದೆ ಬರೀ ಒತ್ತಿದರೇ ನಲವತ್ತು ಐವತ್ತು ಪಟ್ಟು ಕುಗ್ಗುತ್ತದೆ, ಕರಗಿಸಿದರೆ ಇನ್ನೂ ಹೆಚ್ಚು. ಕುಗ್ಗಿದ ಮೇಲೆ ಅದು ಕಬ್ಬಿಣದಂತೆ ತೂಕದ ಮಾಲು, ಯಾರು ಬೇಕಾದರೂ ಒಯ್ಯುತ್ತಾರೆ. ಮತ್ತೆ ಕರಗಿಸಿ ಕಾಳು ಮಾಡಿ, ಫೋಟೋ ಕಟ್ಟು, ಗೋಡೆಯ ಪಟ್ಟಿ, ಸ್ಕೇಲು, ಬಟ್ಟೆ ಹ್ಯಾಂಗರ್ ಮಾಡುತ್ತಾರೆ. ದೇವರ ಮನೆಯಲ್ಲಿ ಭಾಗಮಂಡಲದಿಂದ ತಂದ ಕಾವೇರಮ್ಮನ ಫೋಟೋ ಉಂಟು, ಚಿನ್ನದ ಬಣ್ಣದ ಮರದ ಕಟ್ಟು. ಮರ ಅಂತ ಹದಿನೈದು ವರ್ಷ ಅಂದುಕೊಂಡಿದ್ದೆ. ಅವತ್ತು ಕೆಳಗಿಳಿಸಿ ನೋಡಿದೆ. ಕೆಳಮೂಲೆಯಲ್ಲಿ ಒಂದಿಷ್ಟು ಕಿತ್ತುಹೋಗಿದೆ, ಒಳಗೆ ನಾರಿಲ್ಲ, ಗೆರೆಯಿಲ್ಲ, ಹಾಲಿನ ಕೆನೆ ಬಣ್ಣದ ಒತ್ತಾದ ನೊರೆ. ಉಗುರಿನಿಂದ ಒತ್ತಿದರೆ ಗುರುತು ಬಿತ್ತು. ಹಿಂದೆ ಯಾರದೋ ಮನೆ ಟಿವಿಗೆ ಮೆತ್ತೆಯಾಗಿತ್ತೋ ಏನೋ.

ಅಕ್ಟೋಬರ್‌ನಲ್ಲಿ ಅಣ್ಣನೇ ಒಂದು ದಾರಿ ಹೇಳಿದರು. ಮೈಸೂರು ಕಡೆಯಿಂದ ತರಕಾರಿ ತರುವ ಪಿಕಪ್ಪುಗಳು ವಾಪಸ್ ಹೋಗುವಾಗ ಹೆಚ್ಚಾಗಿ ಖಾಲಿ. ಅವರಿಗೆ ಪರಿಚಯದ ಒಬ್ಬರು ಮೈಸೂರಿನ ದೊಡ್ಡ ಗುಜರಿಯ ಮುಂದೆಯೇ ಹಾದು ಹೋಗುತ್ತಾರಂತೆ. ಅಲ್ಲಿ ತೆಗೆದುಕೊಳ್ಳುತ್ತಾರೆ. "ಒಂದು ಗಾಡಿ ಆಗುವಷ್ಟು ಒಟ್ಟಿಗೆ ಇದ್ರೆ ಹಾಕಿ ಕಳಿಸ್ಬಹುದು. ದುಡ್ಡು ಗಿಡ್ಡು ಕೇಳ್ಬಾರ್ದು."

ದುಡ್ಡು ಯಾರಿಗೆ ಬೇಕಿತ್ತು! ಆದರೆ ಒಂದು ಗಾಡಿ ತುಂಬ ಎಲ್ಲಿಂದ ತರುವುದು? ಹೋಂಸ್ಟೇಯವರ ವಾಟ್ಸಾಪ್ ಗುಂಪಿಗೆ ಬರೆದೆ. ಮೊದಲ ದಿನ ಬಂದದ್ದು ನಾಲ್ಕು ಹೆಬ್ಬೆರಳು, ಎರಡು ಕೈಮುಗಿದ ಚಿತ್ರ. ಎರಡನೇ ದಿನ ಒಬ್ಬರು ತಮ್ಮ ಗೋಡೌನಿನ ಫೋಟೋ ಹಾಕಿದರು. ವಾಷಿಂಗ್ ಮಷೀನಿನದ್ದು, ಇನ್ವರ್ಟರಿನದ್ದು, ಐದು ವರ್ಷದ್ದೆಲ್ಲ ಪೇರಿಸಿಟ್ಟಿದ್ದಾರೆ. "ಎಂತ ಮಾಡುದು ಅಂತ ಗೊತ್ತಿಲ್ಲದೆ ಇಟ್ಟದ್ದು ಅಕ್ಕ, ಬಿಸಾಡಲು ಮನಸ್ಸಿಲ್ಲ." ಅದಾದ ಮೇಲೆ ಒಬ್ಬೊಬ್ಬರೇ ತಪ್ಪೊಪ್ಪಿಗೆಯ ಹಾಗೆ ಅಟ್ಟದ, ಕಾರ್ ಶೆಡ್ಡಿನ ಫೋಟೋ ಹಾಕತೊಡಗಿದರು. ಹನ್ನೊಂದು ಮನೆಯಾಯಿತು.

ಡಿಸೆಂಬರ್‌ನ ಒಂದು ಭಾನುವಾರ ಎಲ್ಲ ನಮ್ಮ ಕಾಫಿ ಕಣಕ್ಕೆ ಬಂತು. ಅಣ್ಣ ಹಲಸಿನ ಮರದಡಿ ಕುರ್ಚಿ ಹಾಕಿಕೊಂಡು ಆರಿಸಲು ಕೂತರು. ಅವತ್ತು ನಾನು ಕಲಿತದ್ದು ಬಿಎಸ್ಸಿಯ ಮೂರು ವರ್ಷದಲ್ಲಿ ಕಲಿತದ್ದಕ್ಕಿಂತ ಜಾಸ್ತಿ. ಬಿಳಿಯಾಗಿರುವುದೆಲ್ಲ ಥರ್ಮಾಕೋಲ್ ಅಲ್ಲ. ಅಣ್ಣ ತುಂಡು ಎತ್ತಿ ಬಗ್ಗಿಸುತ್ತಾರೆ. ಕಿರ್ರ್ ಅಂದು ಪಟ್ಟನೆ ಮುರಿದು, ಮುರಿದ ಕಡೆ ಮಣಿಗಳು ಕಂಡರೆ ಥರ್ಮಾಕೋಲ್. ಮುರಿಯದೆ ಸ್ಪಂಜಿನಂತೆ ಬಗ್ಗಿ ಮತ್ತೆ ನೆಟ್ಟಗಾದರೆ ಅದು ಪಾಲಿಥೀನಿನ ಫೋಮ್, ಜಾತಿಯೇ ಬೇರೆ, ಎರಡೂ ಬೆರೆತರೆ ಕರಗಿಸುವವರು ಬೈಯುತ್ತಾರೆ. ಟೇಪು ಇರಕೂಡದು, ರಟ್ಟು ಅಂಟಿರಕೂಡದು, ಸ್ಟಿಕರ್ ಕಿತ್ತಿರಬೇಕು. ಹಳದಿಗಟ್ಟಿದ್ದು ಪರವಾಗಿಲ್ಲ, ಎಣ್ಣೆ ಮಣ್ಣು ಮೆತ್ತಿದ್ದು ಬೇಡ. ನನ್ನದೊಂದು ಚೀಲ, ಕುಂಡದಿಂದ ಸೋಸಿದ ಮಣಿಗಳ ಜೊತೆ, ನೇರ ಪಕ್ಕಕ್ಕೆ ಹೋಯಿತು. "ಪುಡಿ ಮಾಡಿದ್ದು ಯಾಕೆ? ಇಡಿಯಾಗಿ ಇದ್ರೆ ಅಡುಕಬಹುದಿತ್ತು. ಪುಡಿ ಗಾಳಿಗೆ ಹಾರ್ತದೆ." ಇನ್ನೊಬ್ಬರ ಅಟ್ಟದ ತುಂಡಿನೊಳಗೆ ಇರುವೆ ಗೂಡು. ಕೊರೆದು ಕೊರೆದು ಒಳಗೆಲ್ಲ ಓಣಿ ಮಾಡಿಕೊಂಡಿದ್ದವು. ಎತ್ತಿದವರು ಕುಣಿದ ಕುಣಿತಕ್ಕೆ ಮಕ್ಕಳು ಚಪ್ಪಾಳೆ ಹೊಡೆದವು.

ನನಗೆ ಇನ್ನೂ ಬಗೆಹರಿಯದೆ ಉಳಿದಿರುವುದು ಮೀನು ಪೆಟ್ಟಿಗೆ. ನಮ್ಮ ಕಡೆಗೆ ಸಮುದ್ರದ ಮೀನು ಬರುವುದು ಐಸ್ ತುಂಬಿದ ಥರ್ಮಾಕೋಲ್ ಪೆಟ್ಟಿಗೆಯಲ್ಲಿ. ಸ್ಕೂಟರಿನಲ್ಲಿ ತರುವ ಮೀನು ಕಾಕ ಒಂದು ಪೆಟ್ಟಿಗೆಯನ್ನು ಟೇಪು ಸುತ್ತಿ ಸುತ್ತಿ ಆರು ತಿಂಗಳು ಓಡಿಸುತ್ತಾರೆ, ಅವರ ಬಗ್ಗೆ ತಕರಾರಿಲ್ಲ. ಕೊನೆಗೆ ಅದು ಒಡೆದಾಗ ಅಣ್ಣ ಮುಟ್ಟುವುದಿಲ್ಲ. ವಾಸನೆ, ರಕ್ತ, ಟೇಪು. ತೊಳೆದು ಒಣಗಿಸಿ ಕೊಡಿ ಎನ್ನುತ್ತಾರೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ನಮ್ಮ ಒಳಲಂಗವೇ ಒಣಗುವುದಿಲ್ಲ, ಮೀನು ಪೆಟ್ಟಿಗೆ ಎಲ್ಲಿ ಒಣಗೀತು? ಎರಡು ಪೆಟ್ಟಿಗೆ ಇನ್ನೂ ಶೆಡ್ಡಿನಲ್ಲಿ ಕೂತಿವೆ. ಬೆಕ್ಕು ದಿನಕ್ಕೆ ನಾಲ್ಕು ಸಲ ಹೋಗಿ ವಿಚಾರಿಸಿಕೊಂಡು ಬರುತ್ತದೆ.

ಅವತ್ತು ಎಲ್ಲ ಆರಿಸಿ ಮುಗಿದಾಗ 38 ಕಿಲೋ. ಪಿಕಪ್ಪಿನ ಮೇಲೆ ಮನೆಯಷ್ಟು ಎತ್ತರ ಕಟ್ಟಿ, ಹಾರದಂತೆ ಮೇಲೆ ಹಳೇ ಸೊಳ್ಳೆಪರದೆ ಹೊದಿಸಿ ಹಗ್ಗ ಬಿಗಿದರು. ಡ್ರೈವರ್ ಒಂದೇ ಬೆರಳಲ್ಲಿ ಮೂಲೆ ಎತ್ತಿ ನೋಡಿ ನಕ್ಕ.

ಊಟವಾದ ಮೇಲೆ ಮಕ್ಕಳಿಗೆ ಒಂದು ಆಟ ತೋರಿಸಿದೆ. ನಮ್ಮ ತೋಟದಲ್ಲಿ ಕಾಫಿಯ ನಡುವೆ ಐದಾರು ಕಿತ್ತಳೆ ಗಿಡ ಉಳಿದಿವೆ, ಭೌಗೋಳಿಕ ಗುರುತಿನ ಮಾನ್ಯತೆ ಸಿಕ್ಕ ಅಸಲಿ ಕೊಡಗಿನ ಕಿತ್ತಳೆ. ಒಂದು ಸುಲಿದು, ಸಿಪ್ಪೆಯನ್ನು ಮಡಚಿ ಥರ್ಮಾಕೋಲ್ ತುಂಡಿನ ಮೇಲೆ ಚಿಮ್ಮಿಸಿ ಹಿಂಡಿದೆ. ಕಣ್ಣಿಗೆ ಹಾರಿದರೆ ಉರಿಯುತ್ತದಲ್ಲ, ಅದೇ ಎಣ್ಣೆ. ಹನಿ ಬಿದ್ದ ಕಡೆಯೆಲ್ಲ ಥರ್ಮಾಕೋಲ್ ಮೆಲ್ಲಗೆ ಕುಸಿದು ಸಿಡುಬಿನ ಕಲೆಯಂಥ ಗುಳಿ ಬಿತ್ತು. ಬೆರಳಿಂದ ಮುಟ್ಟಿದರೆ ಅಂಟು ಅಂಟು. ಸಿಪ್ಪೆಯಲ್ಲಿರುವ ಲಿಮೋನೀನ್ ಪಾಲಿಸ್ಟೈರೀನನ್ನು ಕರಗಿಸುತ್ತದೆ, ಒಳಗಿದ್ದ ಗಾಳಿ ಹೊರಗೆ ಹೋಗುತ್ತದೆ. ಜಪಾನಿನಲ್ಲಿ 1990ರ ದಶಕದ ಕೊನೆಗೆ ಸೋನಿ ಕಂಪನಿಯವರು ಇದೇ ಲಿಮೋನೀನ್‌ನಲ್ಲಿ ಥರ್ಮಾಕೋಲ್ ಕುಗ್ಗಿಸಿ ಸಾಗಿಸಿ ಮತ್ತೆ ಬೇರ್ಪಡಿಸುವ ವ್ಯವಸ್ಥೆಯನ್ನೇ ಮಾಡಿದ್ದರು. ನನ್ನ ಮಗಳಿಗೆ ಉತ್ಸಾಹ ಬಂದು, ಹಾಗಾದರೆ ನಾವೂ ಮಾಡುವ ಎಂದಳು. ಒಂದು ಹಣ್ಣಿನ ಸಿಪ್ಪೆಗೆ ಹತ್ತು ಗುಳಿ. ನಮ್ಮ ಐದಾರು ಗಿಡದ ಹಣ್ಣಿಗೆ ಮಂಗಗಳ ಪಾಲು ಕಳೆದು ಉಳಿಯುವುದೆಷ್ಟು ಅಂತ ಅವಳೇ ಲೆಕ್ಕ ಹಾಕಿ ಸುಮ್ಮನಾದಳು.

ಆಮೇಲೆ ಫೋನಿನಲ್ಲಿ ಹುಡುಕಿ ಹುಳುವಿನ ಸುದ್ದಿ ತಂದಳು. ಹಿಟ್ಟಿನ ಹುಳುಗಳು ಥರ್ಮಾಕೋಲ್ ತಿಂದು ಜೀರ್ಣಿಸಿಕೊಳ್ಳುತ್ತವೆ ಅಂತ 2015ರಲ್ಲಿ ಅಮೆರಿಕದ ಸ್ಟ್ಯಾನ್‌ಫರ್ಡ್ ಮತ್ತು ಚೀನಾದ ವಿಜ್ಞಾನಿಗಳು ತೋರಿಸಿದ್ದಾರೆ. ನಿಜವೇ. ನೂರು ಹುಳು ದಿನಕ್ಕೆ ತಿಂದದ್ದು 34ರಿಂದ 39 ಮಿಲಿಗ್ರಾಂ. ನಮ್ಮ ಮೂರು ಚೀಲ ಮುಗಿಸಲು ಆ ನೂರು ಹುಳುಗಳಿಗೆ ಸುಮಾರು 175 ವರ್ಷ ಬೇಕು. ಅಷ್ಟರಲ್ಲಿ ಎಷ್ಟು ಫ್ರಿಡ್ಜ್ ಬರುತ್ತದೋ.

ಮೊನ್ನೆ ಮಾರ್ಚ್‌ನಲ್ಲಿ ಎರಡನೇ ಗಾಡಿ ಹೋಯಿತು, 29 ಕಿಲೋ. ಈಗ ನಮ್ಮ ಮನೆಯಲ್ಲಿ ಹೊಸ ಸಾಮಾನು ಬಂದರೆ ಬಿಚ್ಚುವ ಕೆಲಸ ನನ್ನದೇ. ಕತ್ತಿ ತಂದು ಕೊಚ್ಚುವ ಹಾಗಿಲ್ಲ. ಟೇಪನ್ನು ನಿಧಾನವಾಗಿ ಎಬ್ಬಿಸಿ, ತುಂಡುಗಳನ್ನು ಬಂದ ಆಕಾರದಲ್ಲೇ ಒಂದರೊಳಗೊಂದು ಕೂರಿಸಿ, ಮಳೆ ತಾಗದಂತೆ ಅಟ್ಟಕ್ಕೆ. ಒಂದು ಡಬ್ಬಿಯನ್ನು ಮಾತ್ರ ಅಡುಗೆಮನೆಗೆ ಉಳಿಸಿಕೊಂಡಿದ್ದೇನೆ. ಔಷಧಿ ಅಂಗಡಿಯವರು ಕೊಟ್ಟದ್ದು, ಮುಚ್ಚಳ ಗಟ್ಟಿಯಾಗಿ ಕೂರುತ್ತದೆ. ಮಳೆಗಾಲದಲ್ಲಿ ಇಡ್ಲಿ ಹಿಟ್ಟು ಎರಡು ದಿನವಾದರೂ ಉಬ್ಬದ ಕಷ್ಟ ಇಲ್ಲಿಯವರಿಗೆ ಗೊತ್ತು. ಹಿಟ್ಟಿನ ಪಾತ್ರೆಯನ್ನು ಅದರೊಳಗಿಟ್ಟು, ಪಕ್ಕಕ್ಕೆ ಬಿಸಿನೀರಿನ ಸ್ಟೀಲ್ ಚೊಂಬೊಂದು ಇಟ್ಟು ಮುಚ್ಚಿದರೆ ಬೆಳಗ್ಗೆ ಹಿಟ್ಟು ಮುಚ್ಚಳ ಎತ್ತಿರುತ್ತದೆ. ಚೊಂಬಿನಡಿ ಒಂದು ಮಣೆ ಇಡಿ. ಕುದಿಯುವ ನೀರಿನ ಪಾತ್ರೆಯನ್ನು ನೇರ ಇಟ್ಟರೆ ಥರ್ಮಾಕೋಲ್ ಮೆತ್ತಗಾಗಿ ಕುಗ್ಗುತ್ತದೆ. ಮೊದಲ ಡಬ್ಬಿ ನನ್ನದು ಹಾಗೇ ಹೋದದ್ದು.

ಎರಡನೇ ಗಾಡಿಗೆ ತುಂಬಿಸುವಾಗ ಒಂದು ತುಂಡು ಕಡಿಮೆ ಬಂತು. ಫ್ರಿಡ್ಜಿನ ಬುಡದ ದೊಡ್ಡ ಹಲಗೆ, ನಾನೇ ಅಟ್ಟದಲ್ಲಿ ಎಣಿಸಿ ಇಟ್ಟದ್ದು. ಮನೆಯೆಲ್ಲ ಹುಡುಕಿದೆ, ಒಲೆಯನ್ನೂ ಕೆದಕಿ ನೋಡಿದೆ. ಬೂದಿಯಲ್ಲಿ ಏನೂ ಇರಲಿಲ್ಲ. ಸಂಜೆ ನೋಡಿದರೆ ಅತ್ತೆ ಟಿವಿ ಮುಂದೆ ಕೂತಿದ್ದಾರೆ, ಕಾಲಡಿ ಹಳೇ ಸೀರೆ ಸುತ್ತಿ ಹೊಲಿದ ಚಪ್ಪಟೆ ಮೆತ್ತೆ.

"ಸಿಮೆಂಟ್ ನೆಲ ಥಂಡಿ ಹೊಡೀತದೆ. ಇದರ ಮೇಲೆ ಕಾಲಿಟ್ರೆ ಬೆಚ್ಚಗೆ" ಅಂದರು. "ಗುಜರಿಗೆ ಕೊಡ್ತೀನಿ ಅಂತ ಬಂದೀಯ ಮತ್ತೆ."